ಬೆಳಕಿನ ಚಿಮಟ

ಕಾಲಿಗೆ ಮುಳ್ಳು ನೆಟ್ಟರೆ ಚಿಮಟದಿಂದ ಕೀಳುತ್ತೇವೆ. ಒಲೆಯ ಮೇಲೆ ಕಾದ ಪಾತ್ರೆಯನ್ನು ಇಕ್ಕುಳದಿಂದ ಇಳಿಸುತ್ತೇವೆ. ಅಕ್ಕಸಾಲಿಗನು ಅದೇ ಜಾತಿಯ ಸಣ್ಣದೊಂದು ಉಪಕರಣದಿಂದ ಹರಳನ್ನೆತ್ತಿ ಉಂಗುರದ ಮನೆಯಲ್ಲಿ ಕೂರಿಸುತ್ತಾನೆ. ಹಿಡಿಯಬೇಕಾದ ವಸ್ತು ಕಿರಿದಾದಷ್ಟೂ ಹಿಡಿಯುವ ತುದಿಯೂ ಕಿರಿದಾಗಬೇಕೆಂಬುದು ಸಹಜವಾದ ನಿಯಮ. ಹೀಗಿರಲು, ನಮ್ಮ ರಕ್ತದಲ್ಲಿ ತೇಲುವ ಒಂದು ಕೆಂಪುಕಣವನ್ನಾಗಲಿ, ಮೊಸರಿನಲ್ಲಿರುವ ಒಂದು ಸೂಕ್ಷ್ಮಜೀವಿಯನ್ನಾಗಲಿ, ಅದಕ್ಕೆ ಕೇಡಾಗದಂತೆ ಹಿಡಿದು ಒಂದೆಡೆ ನಿಲ್ಲಿಸಬೇಕಾದರೆ ಎಂತಹ ಚಿಮಟವನ್ನು ಮಾಡಿಸಬೇಕು? ಕೆಂಪುಕಣದ ಅಡ್ಡಳತೆಯು ಒಂದು ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಏಳೆಂಟು ಪಾಲು ಮಾತ್ರ. ಅಕ್ಕಸಾಲಿಗನ ಚಿಮಟದ ಮೊನೆಯು ಅದರ ಮುಂದೆ ಒನಕೆಯಂತೆ ತೋರುವುದು. ಈ ಕೆಲಸಕ್ಕೆ ಒದಗಿಬಂದಿರುವ ಚಿಮಟಕ್ಕೆ ಮೊನೆಯೂ ಇಲ್ಲ, ಹಿಡಿಯೂ ಇಲ್ಲ. ಅದು ಕೇವಲ ಬೆಳಕಿನಿಂದಾದುದು.

ಈ ಮಾತನ್ನು ಕೇಳಿ ಇದೇನೋ ಇಂದ್ರಜಾಲವೆಂದು ವಾಚಕರಲ್ಲಿ ಕೆಲವರು ನಗಬಹುದು. ಆದರೆ ಬೆಳಕಿಗೆ ನೂಕುವ ಶಕ್ತಿಯುಂಟೆಂಬ ಊಹೆ ಬಹಳ ಹಳೆಯದು. ಧೂಮಕೇತುವಿನ ಬಾಲವು ಸೂರ್ಯನಿಗೆ ವಿಮುಖವಾಗಿ ಚಾಚಿಕೊಂಡಿರುವುದನ್ನು ನೋಡಿ, ಸೂರ್ಯನ ಕಿರಣಗಳೇ ಅದನ್ನು ಆಚೆಗೆ ತಳ್ಳುತ್ತಿರಬೇಕೆಂದು ಜ್ಯೋತಿರ್ವಿದನಾದ ಕೆಪ್ಲರನು ಹದಿನೇಳನೆಯ ಶತಮಾನದ ಆದಿಭಾಗದಲ್ಲಿಯೇ ಬರೆದಿದ್ದನು. ೧೮೭೩ರಲ್ಲಿ ಮ್ಯಾಕ್ಸ್‌ವೆಲ್ಲನು ಈ ನೂಕು ಎಷ್ಟಿರಬೇಕೆಂಬುದನ್ನು ಗಣಿತದಿಂದ ತೋರಿಸಿದನು. ಇಪ್ಪತ್ತನೆಯ ಶತಮಾನವು ತೊಡಗುವ ಹೊತ್ತಿಗೆ ರಷ್ಯದ ಲೆಬೆಡೆವ್, ಅಮೆರಿಕದ ನಿಕಲ್ಸ್ ಮತ್ತು ಹಲ್ ಎಂಬವರು ಅದನ್ನು ಪ್ರಯೋಗದಿಂದ ಅಳೆದೂ ಬಿಟ್ಟರು. ಆ ನೂಕು ಅತ್ಯಲ್ಪವಾದುದು. ಒಂದು ಚದರ ಮೀಟರು ಕಪ್ಪುಹಲಗೆಯ ಮೇಲೆ ನೇರವಾಗಿ ಬಿದ್ದ ಬಿಸಿಲಿನ ಒತ್ತಡವು ಅರ್ಧ ಮಿಲಿಗ್ರಾಂ ತೂಕವನ್ನೂ ಮುಟ್ಟುವುದಿಲ್ಲ. ರಾಗಿಯ ಒಂದು ಕಾಳಿನ ಭಾರದಷ್ಟು ನೂಕು ದೊರೆಯಬೇಕಾದರೆ ಐದಾರು ಚದರ ಮೀಟರಿನ ಬಿಸಿಲನ್ನು ಒಟ್ಟುಗೂಡಿಸಬೇಕು. ಅಂಗಳದಲ್ಲಿ ಹಪ್ಪಳ ಒಣಗಿಸುವ ಗೃಹಿಣಿಯರು ಬಿಸಿಲು ಹಪ್ಪಳವನ್ನು ತಳ್ಳೀತೆಂದು ಎಂದೂ ಹೆದರದಿರುವುದಕ್ಕೆ ಇದೇ ಕಾರಣ.

ಆದರೆ ವಸ್ತು ಕಿರಿದಾದಾಗ ಲೆಕ್ಕವೇ ಬೇರೆ. ೧೯೬೦ರಲ್ಲಿ ಲೇಸರ್ ದೀಪವು ಹುಟ್ಟಿತು. ದೀಪದ ಬೆಳಕು ಎಲ್ಲ ದಿಕ್ಕಿಗೂ ಚದರಿಹೋಗುವುದು. ಲೇಸರಿನ ಬೆಳಕಾದರೋ ಒಂದೇ ಬಣ್ಣದ್ದಾಗಿ, ಒಂದೇ ದಿಕ್ಕಿಗೆ, ಸಾಲು ತಪ್ಪದ ದಂಡಿನಂತೆ ಸಾಗುವುದು. ಅದನ್ನು ಮಸೂರದಿಂದ ಒಂದು ಬಿಂದುವಿಗೆ ಕೂಡಿಸಿದರೆ, ಎಲ್ಲ ನೂಕೂ ಆ ಬಿಂದುವಿನಲ್ಲಿ ಸೇರುವುದು. ಅಮೆರಿಕದ ನ್ಯೂಜೆರ್ಸಿ ಪ್ರಾಂತದ ಬೆಲ್ ಪ್ರಯೋಗಶಾಲೆಯಲ್ಲಿದ್ದ ಆರ್ಥರ್ ಆಶ್ಕಿನ್ ಎಂಬ ಭೌತಶಾಸ್ತ್ರಜ್ಞರು ಈ ಲೆಕ್ಕವನ್ನು ಹಾಕಿನೋಡಿ, ನೀರಿನಲ್ಲಿ ತೇಲುವ ಪ್ಲಾಸ್ಟಿಕ್ಕಿನ ಸೂಕ್ಷ್ಮಗೋಲಿಗಳ ಮೇಲೆ ಹಸುರು ಲೇಸರನ್ನು ಬಿಟ್ಟರು. ಗೋಲಿಗಳು ಬೆಳಕು ಹೋಗುವ ಕಡೆಗೆ ಓಡಿದವು, ಅದು ನಿರೀಕ್ಷಿಸಿದ್ದೇ. ನಿರೀಕ್ಷಿಸದಿದ್ದ ಇನ್ನೊಂದು ಸಂಗತಿಯೂ ಕಂಡಿತು. ಬೆಳಕಿನ ಅಂಚಿನಲ್ಲಿದ್ದ ಗೋಲಿಗಳು ಹೊರಕ್ಕೆ ಚದರದೆ, ಬೆಳಕು ಅತ್ಯಂತ ಪ್ರಖರವಾಗಿದ್ದ ನಟ್ಟನಡುವಿಗೆ ತಾವಾಗಿಯೇ ಸೆಳೆಯಲ್ಪಟ್ಟವು. ಇದು ೧೯೭೦ರಲ್ಲಿ ಪ್ರಕಟವಾಯಿತು. ಎದುರುಬದುರಾಗಿ ಎರಡು ಕಿರಣಗಳನ್ನು ಬಿಟ್ಟು ಗೋಲಿಯನ್ನು ಅವುಗಳ ನಡುವೆ ನಿಲ್ಲಿಸಬಹುದೆಂಬುದನ್ನೂ ಅವರು ಆಗಲೇ ತೋರಿಸಿದರು.

ತಳ್ಳುವ ಬೆಳಕು ಸೆಳೆಯುವುದು ಹೇಗೆ? ಹರಿಗೋಲಿನಿಂದ ದಡಕ್ಕೆ ನೆಗೆದವರಿಗೆಲ್ಲ ಈ ರಹಸ್ಯವು ಗೊತ್ತುಂಟು. ನೆಗೆಯುವವನು ದಡದ ಕಡೆಗೆ ಹೋದರೆ ಹರಿಗೋಲು ಹಿಂದಕ್ಕೆ ಸರಿಯುತ್ತದೆ. ಪಾರದರ್ಶಕವಾದ ಗೋಲಿಯೊಂದು ಪುಟ್ಟ ಮಸೂರವೇ ಸರಿ. ತನ್ನೊಳಗೆ ಹೊಕ್ಕ ಕಿರಣವನ್ನು ಅದು ಬಾಗಿಸುತ್ತದೆ. ಕಿರಣವು ಎಡಕ್ಕೆ ಬಾಗಿದರೆ ಗೋಲಿಯು ಬಲಕ್ಕೆ ಸರಿಯಲೇಬೇಕು. ಗೋಲಿಯ ಬಲಮಗ್ಗುಲಿನಲ್ಲಿ ಬೆಳಕು ಹೆಚ್ಚಾಗಿಯೂ ಎಡಮಗ್ಗುಲಿನಲ್ಲಿ ಕಡಿಮೆಯಾಗಿಯೂ ಇದೆಯೆನ್ನೋಣ. ಬಲಮಗ್ಗುಲಿನ ಕಿರಣಗಳು ಎಡಕ್ಕೆ ಬಾಗುವುವು, ಎಡಮಗ್ಗುಲಿನವು ಬಲಕ್ಕೆ. ಹೆಚ್ಚು ಬೆಳಕು ಎಡಕ್ಕೆ ಬಾಗಿದುದರಿಂದ ಗೋಲಿಯು ಬಲಕ್ಕೆ, ಎಂದರೆ ಪ್ರಖರವಾದ ಕಡೆಗೆ, ಹೋಗುವುದು.

ಉದ್ದಕ್ಕೆ ಹಿಡಿಯುವುದು ಇದಕ್ಕಿಂತ ಕಷ್ಟ. ಕಿರಣಗಳು ಬಿಂದುವಿನಲ್ಲಿ ಕೂಡಿ ಮತ್ತೆ ಕವಲೊಡೆದು ಹರಡುತ್ತವೆಯಷ್ಟೆ. ಗೋಲಿಯು ಆ ಬಿಂದುವನ್ನು ದಾಟಿ ತುಸು ಮುಂದೆ ಹೋಗಿದ್ದರೆ, ಹರಡಿಹೋಗುತ್ತಿರುವ ಓರೆಕಿರಣಗಳನ್ನು ಅದು ನೇರಕ್ಕೆ ತಿದ್ದುತ್ತದೆ. ಓರೆಯಾಗಿ ಹೋಗುತ್ತಿದ್ದ ಬೆಳಕು ಈಗ ಹೆಚ್ಚು ನೇರವಾಗಿ ಮುಂದಕ್ಕೆ ಹೋಗುವುದರಿಂದ ಗೋಲಿಯು ಹಿಂದಕ್ಕೆ ಬರುತ್ತದೆ. ಕಿರಣಗಳು ಎಷ್ಟು ಓರೆಯಾಗಿದ್ದರೆ ಅಷ್ಟು ಬಲವಾಗಿ ಬರುತ್ತದೆ. ನಡುವಿನ ನೇರಕಿರಣಗಳಿಂದಲೂ, ಗೋಲಿಯ ಮೈಯಿಂದ ಪ್ರತಿಫಲಿಸಿ ಹಿಂದಿರುಗುವ ಬೆಳಕಿನಿಂದಲೂ ಉಂಟಾಗುವ ಮುನ್ನೂಕನ್ನು ಈ ಹಿನ್ಸೆಳೆತವು ಗೆದ್ದರೆ ಮಾತ್ರ ಒಂದೇ ಕಿರಣದಿಂದ ಗೋಲಿಯನ್ನು ಹಿಡಿಯಬಹುದು. ೧೯೮೬ರಲ್ಲಿ ಆಶ್ಕಿನ್, ಜೀಡ್ಜಿಕ್, ಬ್ಯೋರ್ಕ್‌ಹೋಮ್, ಚೂ ಎಂಬ ನಾಲ್ವರು ಇದನ್ನು ಸಾಧಿಸಿದರು. ಹತ್ತು ಮೈಕ್ರಾನಿನ ಗೋಲಿಯಿಂದ ಹಿಡಿದು ಇಪ್ಪತ್ತೈದು ನ್ಯಾನೋಮೀಟರಿನ ಕಣದವರೆಗೆ ಅವರ ಚಿಮಟಕ್ಕೆ ಸಿಕ್ಕಿತು. ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನ್ಯಾನೋಮೀಟರೆಂದರೆ ಮೈಕ್ರಾನಿನ ಸಾವಿರದಲ್ಲೊಂದು ಪಾಲು.

ಮಾರನೆಯ ವರ್ಷ ನಡೆದುದೇ ಈ ಕಥೆಯ ಮರ್ಮ. ಹೊಗೆಸೊಪ್ಪಿನ ಗಿಡಕ್ಕೆ ರೋಗ ತರುವ ವೈರಸ್ಸುಗಳನ್ನು ಆಶ್ಕಿನ್ನರು ನೀರಿನಲ್ಲಿಟ್ಟು ಹಿಡಿಯುತ್ತಿದ್ದರು. ಕೆಲವು ದಿನ ಉಳಿದಿದ್ದ ಆ ನೀರಿನಲ್ಲಿ, ತಾವಾಗಿಯೇ ಈಜಾಡುವ ಯಾವುವೋ ವಸ್ತುಗಳು ಬಂದು ಬಲೆಗೆ ಬಿದ್ದವು. ನೋಡಿದರೆ ಅವು ಬ್ಯಾಕ್ಟೀರಿಯಗಳು! ನಿರ್ಜೀವ ಗೋಲಿಗೆ ಹೆಣೆದ ಬಲೆಯಲ್ಲಿ ಜೀವವೇ ಸಿಕ್ಕಿತ್ತು. ಆದರೆ ಸಂತೋಷವು ಹೆಚ್ಚು ಹೊತ್ತು ನಿಲ್ಲಲಿಲ್ಲ. ಹಸುರು ಬೆಳಕನ್ನು ತುಸು ಹೆಚ್ಚಿಸಿದೊಡನೆ ಒದ್ದಾಡುತ್ತಿದ್ದ ಆ ಜೀವಿಗಳು ಸ್ತಬ್ಧವಾದವು, ಸತ್ತುಹೋದವು. ಹಿಡಿದ ಕೈಯೇ ಕೊಂದಂತಾಯಿತು.

ಈ ಚಿಮಟದ ಇಲ್ಲಿಯವರೆಗಿನ ಸುಧಾರಣೆಯೆಲ್ಲಕ್ಕೂ ಈ ಪುಟ್ಟ ಮರಣವೇ ಕಾರಣವೆಂದು ನಮಗೆ ತೋರುತ್ತದೆ. ಹಿಡಿತ ಸಾಲದಿದ್ದರೆ ದೀಪವನ್ನು ದೊಡ್ಡದು ಮಾಡು ಎಂಬ ಉಪಾಯವು ಎಲ್ಲರಿಗೂ ಹೊಳೆಯುವಂತಹುದು. ಬೆಳಕನ್ನು ಇಮ್ಮಡಿಸಿದರೆ ಹಿಡಿತವೂ ಇಮ್ಮಡಿಯಾಗುವುದು ನಿಜ. ಆದರೆ ಹಿಡಿಯಬೇಕಾದುದು ಜೀವಕೋಶವಾದರೆ ಆ ದಾರಿಯು ಬೇಗನೆ ಮುಚ್ಚಿಹೋಗುವುದು. ಇದ್ದ ಬೆಳಕಿನಿಂದಲೇ ಹೆಚ್ಚು ಹಿಡಿತವನ್ನು ಪಡೆಯುವುದು ಹೇಗೆ, ಹಿಡಿದರೂ ಕೊಲ್ಲದಿರುವುದು ಹೇಗೆ, ಇವೆರಡೇ ಪ್ರಶ್ನೆಗಳು.

ಎರಡನೆಯದಕ್ಕೆ ಮೊದಲ ಉತ್ತರವನ್ನು ಆಶ್ಕಿನ್ನರೇ ಕಂಡುಕೊಂಡರು. ಜೀವಕೋಶದ ದ್ರವ್ಯಗಳು ಹಸುರು ಬೆಳಕನ್ನು ಹೀರಿಕೊಳ್ಳುತ್ತವೆ. ಕೆಂಪಿಗೂ ಆಚೆಗಿರುವ, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಅವು ಅಷ್ಟಾಗಿ ಹೀರುವುದಿಲ್ಲ. ೧೦೬೪ ನ್ಯಾನೋಮೀಟರು ಅಲೆಯುದ್ದದ ಅಂತಹ ಲೇಸರನ್ನು ಉಪಯೋಗಿಸಿದಾಗ ಬ್ಯಾಕ್ಟೀರಿಯಗಳು ಬಲೆಯಲ್ಲಿದ್ದುಕೊಂಡೇ ಬದುಕಿದವು. ಬದುಕಿದುದಷ್ಟೇ ಅಲ್ಲದೆ ಒಡೆದು ಎರಡಾಗಿ ಸಂತಾನವನ್ನೂ ಪಡೆದವು. ಸೆರೆಮನೆಯಲ್ಲಿ ಹೆರಿಗೆಯಾದ ಶ್ರೀಕೃಷ್ಣಜನ್ಮದ ಪ್ರಸಂಗವು ಇಲ್ಲಿ ನೆನಪಿಗೆ ಬಂದರೆ ವಾಚಕರ ತಪ್ಪಲ್ಲ.

ಆದರೂ ಅವಕೆಂಪಿನಲ್ಲಿ ಎಲ್ಲ ಅಲೆಗಳೂ ಸಮಾನವಾಗಿ ಸಾಧುವಲ್ಲ. ೧೯೯೯ರಲ್ಲಿ ನ್ಯೂಮನ್, ಬ್ಲಾಕ್ ಮೊದಲಾದವರು ಇದನ್ನು ಸೊಗಸಾದ ರೀತಿಯಲ್ಲಿ ಪರೀಕ್ಷಿಸಿದರು. ಕರುಳಿನಲ್ಲಿ ವಾಸಿಸುವ ಒಂದು ಜಾತಿಯ ಬ್ಯಾಕ್ಟೀರಿಯಕ್ಕೆ ಬಾಲದಂತಹ ಎಳೆಗಳುಂಟು. ಒಂದು ಎಳೆಯನ್ನು ಗಾಜಿಗೆ ಅಂಟಿಸಿದರೆ ಜೀವಿಯು ತಿರುಗಣಿಯಂತೆ ಗಿರಗಿರನೆ ಸುತ್ತುತ್ತದೆ. ಅದರ ಆರೋಗ್ಯವು ಕುಂದಿದಂತೆಲ್ಲ ಸುತ್ತುವ ವೇಗವೂ ಕುಂದುವುದು. ಹೀಗೆ ನೋಡಲು, ೮೩೦ ಮತ್ತು ೯೭೦ ನ್ಯಾನೋಮೀಟರಿನ ಬೆಳಕು ಅತ್ಯಲ್ಪ ಹಾನಿಯನ್ನೂ, ಅವುಗಳ ನಡುವೆಯೇ ಇರುವ ೮೭೦ ಮತ್ತು ೯೩೦ ನ್ಯಾನೋಮೀಟರಿನ ಬೆಳಕು ಅತ್ಯಧಿಕ ಹಾನಿಯನ್ನೂ ಮಾಡುವುದೆಂದು ಗೊತ್ತಾಯಿತು. ಇದಕ್ಕಿಂತಲೂ ಮುಖ್ಯವಾದ ಇನ್ನೊಂದು ವಿಷಯವೇನೆಂದರೆ, ನೀರಿನಿಂದ ಆಮ್ಲಜನಕವನ್ನು ತೆಗೆದುಬಿಟ್ಟಾಗ ಹಾನಿಯು ಹೆಚ್ಚುಕಡಿಮೆ ಇಲ್ಲವಾಯಿತು. ಕೊಲೆಗಾರನು ಬೆಳಕಿನ ಕಾವಲ್ಲ. ಅವಕೆಂಪಿನ ೧೦೦ ಮಿಲಿವಾಟಿಗೆ ಕೋಶವು ಸುಮಾರು ಒಂದು ಡಿಗ್ರಿ ಬಿಸಿಯಾದೀತು, ಅಷ್ಟೆ. ಬೆಳಕೂ ಆಮ್ಲಜನಕವೂ ಕೂಡಿದಾಗ ಆಗುವ ರಾಸಾಯನಿಕ ವಿಕಾರವೇ ಕೆಡುಕಿಗೆ ಮೂಲ. ಆದಕಾರಣ ಕೋಶದಿಂದ ಬೇರ್ಪಡಿಸಿದ ಅಣುಗಳ ಪ್ರಯೋಗದಲ್ಲಿ, ಆಮ್ಲಜನಕವನ್ನು ಕಬಳಿಸುವ ಕಿಣ್ವಗಳನ್ನು ನೀರಿಗೆ ಬೆರೆಸುವ ಪದ್ಧತಿಯುಂಟು. ಉಸಿರಾಡಲೇಬೇಕಾದ ಕೋಶಗಳಿಗೆ ಮಾತ್ರ ಈ ಔಷಧವು ಸಲ್ಲದು.

ಇನ್ನು ಮೊದಲ ಪ್ರಶ್ನೆ. ಹಿನ್ಸೆಳೆತವು ಬರುವುದು ಓರೆಕಿರಣಗಳಿಂದ ಎಂದೆವು. ಓರೆಕಿರಣಗಳು ಬರುವುದು ಮಸೂರದ ಅಂಚಿನಿಂದ. ಲೇಸರಿನ ಕಂಬಿಯು ಸಾಮಾನ್ಯವಾಗಿ ನಡುವೆ ಪ್ರಖರವಾಗಿಯೂ ಅಂಚಿಗೆ ಮಂಕಾಗಿಯೂ ಇರುತ್ತದೆ. ಅದನ್ನು ಹಾಗೆಯೇ ಸೂಕ್ಷ್ಮದರ್ಶಕದ ಮಸೂರಕ್ಕೆ ಹೊಗಿಸಿದರೆ, ಬೆಲೆಬಾಳುವ ಮಸೂರದ ಅಂಚು ಕತ್ತಲೆಯಲ್ಲಿ ದಂಡವಾಗಿ ಉಳಿಯುವುದು. ಅದಕ್ಕಾಗಿ ಕಿರಣವನ್ನು ಮೊದಲೇ ಅಗಲಮಾಡಿ ಮಸೂರದ ಬಾಯಿ ತುಂಬಿ ತುಸು ಹೊರಚೆಲ್ಲುವಂತೆ ಬಿಡುತ್ತಾರೆ. ಚೆಲ್ಲಿದ ಬೆಳಕು ನಷ್ಟವೇ. ಆದರೂ ಒಳಹೊಕ್ಕುದರಲ್ಲಿ ಓರೆಯ ಪಾಲು ಹೆಚ್ಚುವುದರಿಂದ ಆ ನಷ್ಟವು ಲಾಭಕ್ಕೆ ತಿರುಗುವುದು. ಎಷ್ಟು ಚೆಲ್ಲಬೇಕೆಂಬುದೇ ಇದರಲ್ಲಿನ ಜಾಣತನ. ಇನ್ನೂ ಮುಂದಕ್ಕೆ ಹೋಗಿ, ನಡುವಿನ ನೇರಕಿರಣಗಳನ್ನು ಪೂರ್ತಿಯಾಗಿ ಬಿಟ್ಟು, ಉದ್ದಿನ ವಡೆಯಂತೆ ನಡುವೆ ತೂತುಳ್ಳ ಬೆಳಕನ್ನು ಉಪಯೋಗಿಸಬಾರದೇಕೆ? ಅಲೆಯುದ್ದಕ್ಕಿಂತ ದೊಡ್ಡದಾದ ಗೋಲಿಗಳ ವಿಷಯದಲ್ಲಿ ಇದರಿಂದ ಉದ್ದದ ಹಿಡಿತ ಹೆಚ್ಚುವುದೆಂದು ೧೯೯೨ರಲ್ಲಿ ಆಶ್ಕಿನ್ನರು ಲೆಕ್ಕಹಾಕಿ ತೋರಿಸಿದರು.

ಮಸೂರಕ್ಕೂ ಗಾಜಿಗೂ ನಡುವೆ ಒಂದು ತೊಟ್ಟು ಎಣ್ಣೆಯನ್ನಿಡುವುದು ಸೂಕ್ಷ್ಮದರ್ಶಕದವರ ಹಳೆಯ ಅಭ್ಯಾಸ. ಎಣ್ಣೆಯ ಮಸೂರವು ಅತ್ಯಂತ ಓರೆಯಾದ ಕಿರಣಗಳನ್ನು ಕೊಡುವುದಾದುದರಿಂದ ಚಿಮಟಕ್ಕೂ ಅದೇ ಮೇಲೆಂದು ಯಾರಾದರೂ ಎಣಿಸುವರು. ಆದರೆ ಕೋಶವಿರುವುದು ನೀರಿನಲ್ಲಿ. ಗಾಜನ್ನು ಬಿಟ್ಟು ನೀರಿಗಿಳಿಯುವಾಗ ಕಿರಣಗಳು ಮುರಿಯುತ್ತವೆ. ಅತಿ ಓರೆಯಾದುವು ನೀರಿಗೆ ಇಳಿಯದೆ ಹಿಂದಕ್ಕೇ ಮರಳುತ್ತವೆ. ಉಳಿದವು ಒಂದೇ ಬಿಂದುವಿನಲ್ಲಿ ಕೂಡದೆ ಉದ್ದಕ್ಕೆ ಚದರುತ್ತವೆ. ಗಾಜಿನ ಹತ್ತಿರ ಕೆಲವು ಮೈಕ್ರಾನುಗಳ ಆಳದಲ್ಲಿ ಇದರ ತೊಂದರೆ ಕಡಿಮೆ. ಹತ್ತಿಪ್ಪತ್ತು ಮೈಕ್ರಾನು ಆಳಕ್ಕೆ ಹೋದರೆ ಹಿಡಿತವು ಸಡಿಲವಾಗುವುದು. ಅಂತಹ ಕಡೆ ಎಣ್ಣೆಗೆ ಬದಲು ನೀರಿನ ಹನಿಯನ್ನೇ ಇಟ್ಟು ಕೆಲಸಮಾಡುವ ಮಸೂರವು ಉತ್ತಮ. ಕಾಗದದ ಮೇಲೆ ಅದರ ಅಂಕವು ಕಡಿಮೆ. ಆಳದಲ್ಲಿ ಅದರ ಗುಣವು ಹೆಚ್ಚು. ಅಂಗಡಿಯ ಪಟ್ಟಿಯಲ್ಲಿರುವ ಸಂಖ್ಯೆಯನ್ನೊಂದನ್ನೇ ನೋಡಿ ಉಪಕರಣವನ್ನು ಕೊಳ್ಳುವವರಿಗೆ ಇದನ್ನು ಹೇಳಬೇಕಾಗಿದೆ.

ಕೋಶವನ್ನೇ ನೇರವಾಗಿ ಹಿಡಿಯದೆ, ಗೋಲಿಯೊಂದನ್ನು ಅದಕ್ಕೆ ಅಂಟಿಸಿ ಗೋಲಿಯನ್ನು ಹಿಡಿಯುವುದೂ ಉಂಟು. ಹಾಗಾದರೆ ಗೋಲಿಯನ್ನೇಕೆ ಸುಧಾರಿಸಬಾರದು? ಬೆಳಕನ್ನು ಹೆಚ್ಚು ಬಾಗಿಸುವ ವಸ್ತುವಿನಿಂದ ಗೋಲಿಯನ್ನು ಮಾಡಿದರೆ ಸೆಳೆತವು ಹೆಚ್ಚಬೇಕು. ಬಿಳಿಯ ಬಣ್ಣಗಳಲ್ಲಿ ಬೆರೆಸುವ ಟೈಟೇನಿಯಂ ಡೈಆಕ್ಸೈಡು ಅಂತಹ ವಸ್ತು. ದುರದೃಷ್ಟದಿಂದ ಹೆಚ್ಚು ಬಾಗಿಸುವ ವಸ್ತು ಹೆಚ್ಚು ಪ್ರತಿಫಲಿಸಿಯೂ ಬಿಡುತ್ತದೆ. ಆ ಪ್ರತಿಫಲನದ ಮುನ್ನೂಕಿನಿಂದ ಗೋಲಿಯು ಬಲೆಯಿಂದಲೇ ಹಾರಿಹೋಗುವುದು. ಕನ್ನಡಕದ ಗಾಜಿಗೆ ಹೊಳಪು ಬಾರದಂತೆ ತೆಳುವಾದ ಲೇಪವನ್ನು ಕೊಡುವುದನ್ನು ಹಲವರು ನೋಡಿರಬಹುದು. ೨೦೧೨ರಲ್ಲಿ ಜರ್ಮನಿಯ ಮತ್ತು ಹಾಲೆಂಡಿನ ಶಾಸ್ತ್ರಜ್ಞರು ಅದೇ ಉಪಾಯವನ್ನು ಈ ಗೋಲಿಗಳಿಗೆ ಮಾಡಿದರು. ಹೆಚ್ಚು ಬಾಗಿಸುವ ತಿರುಳಿನ ಸುತ್ತ, ಅದೇ ದ್ರವ್ಯದ ಕಡಿಮೆ ಬಾಗಿಸುವ ರೂಪದಿಂದಾದ ಸಿಪ್ಪೆಯನ್ನು ಬೆಳೆಸಿದರು. ಪ್ರತಿಫಲನವು ಇಳಿಯಿತು; ಗೋಲಿಯು ಬಲೆಯಲ್ಲಿ ನಿಂತಿತು; ದೊರೆತ ಬಲವು ಸಾವಿರ ಪೈಕೋನ್ಯೂಟನ್ನನ್ನು ಮೀರಿತು. ಒಂದು ಪೈಕೋನ್ಯೂಟನ್ ಎಂದರೆ ಹೆಚ್ಚುಕಡಿಮೆ ಒಂದು ಕೆಂಪುರಕ್ತಕಣದ ಭಾರ. ಸಾಧಾರಣ ಗೋಲಿಗಳಿಂದ ನೂರರ ಆಸುಪಾಸಿನ ಬಲವನ್ನು ಪಡೆದು ತೃಪ್ತರಾಗುತ್ತಿದ್ದವರಿಗೆ ಇದು ದೊಡ್ಡ ಏಣಿಯೇ ಆಯಿತು.

ಇಷ್ಟೆಲ್ಲ ಬಿಗಿತವೇಕೆಂದು ಕೇಳಬಹುದು. ನೀರಿನ ಅಣುಗಳು ಯಾವಾಗಲೂ ಗೋಲಿಯನ್ನು ಕುಟ್ಟುತ್ತಲೇ ಇರುವುದರಿಂದ ಅದು ಬಲೆಯೊಳಗೂ ನಡುಗುತ್ತಿರುತ್ತದೆ. ಒಂದು ನ್ಯಾನೋಮೀಟರು ಜರುಗಿಸಲು ಪೈಕೋನ್ಯೂಟನ್ನಿನ ಹತ್ತನೆಯ ಒಂದು ಪಾಲು ಬಲ ಬೇಕಾಗುವಷ್ಟು ಬಿಗಿಯಾದ ಬಲೆಯಲ್ಲಿ ಈ ನಡುಕವು ಸುಮಾರು ಆರು ನ್ಯಾನೋಮೀಟರು. ನಮ್ಮ ಕೋಶಗಳೊಳಗೆ ಕೈನೆಸಿನ್ ಎಂಬ ಪ್ರೋಟೀನು ಹೊರೆ ಹೊತ್ತ ಕೂಲಿಯಂತೆ ಹೆಜ್ಜೆಯಿಡುತ್ತಾ ನಡೆಯುವುದು. ಅದರ ಹೆಜ್ಜೆ ಎಂಟು ನ್ಯಾನೋಮೀಟರು ಎಂಬುದನ್ನು ೧೯೯೩ರಲ್ಲಿ ಬೆಳಕಿನ ಚಿಮಟದಿಂದಲೇ ಅಳೆದರು. ಆರರ ನಡುಕದಲ್ಲಿ ಎಂಟರ ಹೆಜ್ಜೆಯನ್ನು ಗುರುತಿಸುವುದೆಂದರೆ ಜಾತ್ರೆಯ ಗದ್ದಲದಲ್ಲಿ ಪಿಸುಮಾತನ್ನು ಕೇಳಿದಂತೆ. ಹಿಡಿತ ಬಿಗಿಯಾದಷ್ಟೂ ಗದ್ದಲ ಕಡಿಮೆ.

ನೀರಿನ ನಡುಕ ಸಾಲದೆಂಬಂತೆ ಗಾಳಿಯ ನಡುಕವೂ ಉಂಟು. ಬೇಸಗೆಯ ಮಧ್ಯಾಹ್ನ ಬಯಲಿನಲ್ಲಿ ಬಿಸಿಲ್ಗುದುರೆ ಕುಣಿಯುವುದು ಬಿಸಿಗಾಳಿಯು ಬೆಳಕನ್ನು ಅತ್ತಿತ್ತ ಬಾಗಿಸುವುದರಿಂದ. ಪ್ರಯೋಗಶಾಲೆಯ ತಣ್ಣನೆಯ ಕೋಣೆಯಲ್ಲಿಯೂ ಅತಿಸೂಕ್ಷ್ಮವಾಗಿ ಅದೇ ನಡೆಯುತ್ತಿರುತ್ತದೆ. ಅಮೆರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಬ್ಲಾಕರ ಬಳಗದವರು ಲೇಸರು ಹಾಯುವ ದಾರಿಯನ್ನು ಪೆಟ್ಟಿಗೆಯಲ್ಲಿ ಮುಚ್ಚಿ ಅದರೊಳಗೆ ಹೀಲಿಯಂ ಅನಿಲವನ್ನು ತುಂಬಿದರು. ಹೀಲಿಯಮ್ಮಿಗೆ ಬೆಳಕನ್ನು ಬಾಗಿಸುವ ಗುಣವು ಗಾಳಿಯ ಎಂಟರಲ್ಲೊಂದು ಪಾಲು ಮಾತ್ರ; ಅದು ಕದಡಿದರೂ ಕಿರಣವು ಅಷ್ಟಾಗಿ ಅಲುಗುವುದಿಲ್ಲ. ಅಣುವಿನ ಒಂದು ಕೊನೆಯನ್ನು ಗಾಜಿಗೆ ಕಟ್ಟದೆ, ಎರಡು ಕೊನೆಗಳಲ್ಲಿಯೂ ಗೋಲಿಗಳನ್ನಿಟ್ಟು ಎರಡು ಚಿಮಟಗಳಿಂದ ಹಿಡಿದರು. ೨೦೦೫ರಲ್ಲಿ ಅವರು ಕಂಡುದೇನೆಂದರೆ, ಡಿಎನ್‌ಎ ಎಂಬ ವಂಶದ ಓಲೆಯನ್ನು ನಕಲುಮಾಡುವ ಕಿಣ್ವವು ಒಂದೊಂದಕ್ಷರವಾಗಿ ಮುಂದೆ ಸರಿಯುವುದನ್ನು. ಒಂದಕ್ಷರದ ಅಂತರ ೦.೩೪ ನ್ಯಾನೋಮೀಟರು. ಇದಕ್ಕೆ ದೀಪವನ್ನು ದೊಡ್ಡದು ಮಾಡಬೇಕಾಗಲಿಲ್ಲ, ಗಾಳಿಯನ್ನು ಬದಲಿಸಬೇಕಾಯಿತು. ನಮಗೆ ಈ ಸುಧಾರಣೆಯು ಮಿಕ್ಕೆಲ್ಲಕ್ಕಿಂತ ಹೆಚ್ಚು ರುಚಿಸಿತೆಂದು ಹೇಳಲು ಸಂಕೋಚವಿಲ್ಲ.

ಆಶ್ಕಿನ್ನರಿಗೆ ೨೦೧೮ರಲ್ಲಿ, ತೊಂಬತ್ತಾರನೆಯ ವಯಸ್ಸಿನಲ್ಲಿ, ನೊಬೆಲ್ ಬಹುಮಾನದ ಅರ್ಧಭಾಗವು ಸಂದಿತು. ೨೦೨೦ರಲ್ಲಿ ಅವರು ತೀರಿಕೊಂಡರು.

ಅವರ ಚಿಮಟಕ್ಕೆ ಒಂದು ಎಲ್ಲೆ ಮೊದಲಿನಿಂದಲೂ ಇದೆ. ಬೆಳಕನ್ನು ಅದರ ಅಲೆಯುದ್ದದ ಸುಮಾರು ಅರ್ಧಕ್ಕಿಂತ ಸಣ್ಣ ಬಿಂದುವಿಗೆ ಮಸೂರದಿಂದ ಕೂಡಿಸಲಾಗದು. ಅಲೆಗಿಂತ ಬಹಳ ಕಿರಿದಾದ ಕಣದ ಅಡ್ಡಳತೆಯನ್ನು ಅರ್ಧಕ್ಕೆ ಇಳಿಸಿದರೆ ಅದರ ಮೇಲಿನ ಸೆಳೆತವು ಎಂಟರಲ್ಲೊಂದಕ್ಕೆ ಇಳಿಯುವುದು. ಆದುದರಿಂದ ಅತಿಸಣ್ಣ ಕಣಗಳನ್ನು ಹಿಡಿಯಲು ಅತಿಹೆಚ್ಚು ಬೆಳಕು ಬೇಕು. ಮತ್ತೆ ಮರಣದ ಮಾತೇ ಬರುವುದು. ಇದಕ್ಕೆ ಲೋಹದ ಸಹಾಯವನ್ನು ಪಡೆಯುವ ಮಾರ್ಗವೊಂದುಂಟು. ಬೆಳ್ಳಿ ಬಂಗಾರಗಳ ಸೂಕ್ಷ್ಮಕಣಗಳ ಮೇಲೆ ತಕ್ಕ ಬಣ್ಣದ ಬೆಳಕು ಬಿದ್ದರೆ, ಆ ಕಣಗಳ ಅಂಚಿನಲ್ಲಿ ಮಸೂರಕ್ಕೆ ಎಟುಕದಷ್ಟು ಇಕ್ಕಟ್ಟಾದ ಜಾಗದಲ್ಲಿ ಬೆಳಕು ಒತ್ತಾಗಿ ಸೇರುತ್ತದೆ. ಮಂದವಾದ ಬೆಳಕಿನಲ್ಲಿಯೂ ಅಲ್ಲಿ ಕಣಗಳು ಸಿಕ್ಕಿಬೀಳುತ್ತವೆ. ಆದರೆ ಲೋಹದ ಕಣವು ಗಾಜಿಗೆ ಅಂಟಿಕೊಂಡಿದ್ದರೆ, ಬೇಟೆಯೇ ಬಲೆಯ ಬಳಿಗೆ ಬರುವವರೆಗೆ ಕಾಯಬೇಕಷ್ಟೆ.

ಈ ಕುಂದನ್ನು ನೀಗಿದವರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು. ಸೌವಿಕ್ ಘೋಷ್ ಮತ್ತು ಅಂಬರೀಷ್ ಘೋಷ್ ಎಂಬವರು ೨೦೧೮ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬಲೆಗೇ ಕಾಲು ಬಂದಿದೆ. ಕಣ್ಣಿಗೆ ಕಾಣದಷ್ಟು ಸಣ್ಣದಾದ, ಕಾಂತಗುಣವುಳ್ಳ ತಿರುಪುಮೊಳೆಗಳನ್ನು ಅವರು ತಯಾರಿಸಿ, ಅವುಗಳ ಮೈಗೆ ಬೆಳ್ಳಿಯ ಕಣಗಳನ್ನು ಹಚ್ಚಿದರು. ಹೊರಗಿನಿಂದ ಕಾಂತಕ್ಷೇತ್ರವನ್ನು ಸುತ್ತಿಸಿದರೆ ತಿರುಪು ತಿರುಗುತ್ತಾ, ಮರದೊಳಕ್ಕೆ ಮೊಳೆಯು ಹೋಗುವಂತೆ, ನೀರಿನಲ್ಲಿ ಮುಂದೆ ಸಾಗುತ್ತದೆ. ಬೆಳಕನ್ನು ಬಿಂದುವಿಗೆ ಕೂಡಿಸದೆ ಇಡೀ ಬಯಲಿನ ಮೇಲೆ ಹರಡಿದರೂ ಸಾಕು. ಬೆಳ್ಳಿಯು ಅದನ್ನು ತನ್ನ ಅಂಚಿನಲ್ಲಿ ಒಟ್ಟುಮಾಡಿಕೊಳ್ಳುವುದು. ತಿರುಪನ್ನು ಬೇಕಾದ ಕಣದ ಬಳಿಗೆ ನಡೆಸಿ, ಬೆಳಕಿನ ಬಲದಿಂದ ಅದನ್ನು ಹಿಡಿಸಿ, ಬೇಕಾದೆಡೆಗೆ ಸಾಗಿಸಿ, ಬೆಳಕನ್ನು ಕುಗ್ಗಿಸಿ ಇಳಿಸಬಹುದು. ಸೂಕ್ಷ್ಮಗೋಲಿಗಳನ್ನೂ ಬ್ಯಾಕ್ಟೀರಿಯಗಳನ್ನೂ ಅವರು ಹೀಗೆ ಅಲ್ಪಬೆಳಕಿನಲ್ಲಿಯೇ ಎತ್ತಿ ಸಾಗಿಸಿದರು.